ಮನಸ್ಸಿಡಲಾಗದ ಮನುಷ್ಯ

ಬೆಳಗಿನ ಸಭೆಯಲ್ಲಿ ಮಾತು ಮುಗಿಸಿ ತಲೆಬಾಗಿದಾಗಲೇ ತೆಯಿಜಿಗೆ ಏನೋ ಎಡವಟ್ಟಾಗಿದೆ ಅನ್ನಿಸಿತು. ಚಪ್ಪಾಳೆ ಬಿತ್ತು, ಇಲ್ಲವೆನ್ನುವಂತಿಲ್ಲ. ಆದರೆ ಚಪ್ಪಾಳೆಗೆ ಮುಂಚೆ ಒಂದು ಗಳಿಗೆ ಯಾರೂ ಅಲುಗಲಿಲ್ಲ, ಗುಮಾಸ್ತೆಯರ ಸಾಲಿನಲ್ಲಿ ಇಬ್ಬರು ಮುಖ ಮುಖ ನೋಡಿಕೊಂಡರು, ಮಾರಾಟದ ವಿಭಾಗದವನು ತಲೆ ತಗ್ಗಿಸಿ ತನ್ನ ಬೂಟುಗಳನ್ನೇ ಪರೀಕ್ಷಿಸತೊಡಗಿದ. ಆ ಹೆಂಚಿನ ಕಂಪನಿಯಲ್ಲಿ ದಿನಾ ಬೆಳಿಗ್ಗೆ ಎಲ್ಲರೂ ಸಾಲಾಗಿ ನಿಂತು, ರೇಡಿಯೋ ಹೇಳಿದಂತೆ ಕೈಕಾಲು ಆಡಿಸಿ, ಆಮೇಲೆ ಸರದಿ ಬಂದವರ ಬಾಯಿಂದ ನಾಲ್ಕು ಬುದ್ಧಿಮಾತು ಕೇಳುವುದು ಮೊದಲಿನಿಂದಲೂ ನಡೆದುಬಂದದ್ದು. ಅದಕ್ಕೆ ಯಾರೂ ಕಿವಿಗೊಡುವುದಿಲ್ಲ ಎಂಬುದೂ ನಡೆದುಬಂದದ್ದೇ. ಇವತ್ತು ಮಾತ್ರ ಕಿವಿಗೊಟ್ಟಿದ್ದರು, ಅದೇ ಅನುಮಾನಕ್ಕೆ ಕಾರಣ. ಹೊಸದಾಗಿ ಸೇರಿದ ಮಾರಾಟದ ಹುಡುಗರಿಗೆ ಅಂತಲೇ ತೆಯಿಜಿ ಈ ಮಾತನ್ನು ಹಿಂದಿನ ಸಂಜೆ ಬಿಸಿನೀರ ತೊಟ್ಟಿಯಲ್ಲಿ ಕುಳಿತು ಹೊಂದಿಸಿಕೊಂಡಿದ್ದ: ಸಿಹಿಮಾತಿಗೆ ಮರುಳಾಗಬೇಡಿ, ಲೋಕದಲ್ಲಿ ಮನಸ್ಸಿಡಲಾಗದ ಜನ ಬೇಕಾದಷ್ಟಿದ್ದಾರೆ, ಅಂಥವರ ಸಹವಾಸ ಮಾಡಿದರೆ ಕೈ ಸುಟ್ಟುಕೊಳ್ಳುತ್ತೀರಿ. 'ಕಿ ನೊ ಒಕೆನಾಯ್', ಅಂದರೆ ಮನಸ್ಸು ಇಡಲಾಗದ. ಮಾತ್ಸುಎ ಊರಿನಲ್ಲಿ ಮಕ್ಕಳಿಂದ ಮುದುಕರವರೆಗೆ ಎಲ್ಲರ ಬಾಯಲ್ಲೂ ಓಡಾಡುವ ಮಾತು. ಅದರಲ್ಲಿ ತಪ್ಪೇನು ಬಂತು ಎಂದುಕೊಳ್ಳುತ್ತ ಅವನು ತನ್ನ ಮೇಜಿಗೆ ಹೋಗಿ ಕುಳಿತ.

ಆಡಳಿತ ವಿಭಾಗದ ಮುಖ್ಯಸ್ಥನಾದ ಸೊನೊಯಾಮಾ ತೆಯಿಜಿಯ ಹತ್ತಿರ ಒಂದು ಕೆಂಪು ಪೆನ್ನಿತ್ತು. ಕಂಪನಿಯಿಂದ ಹೊರಹೋಗುವ ಪ್ರತಿ ಪತ್ರವೂ ಆ ಪೆನ್ನಿನ ಕೆಳಗೆ ಹಾದುಹೋಗಬೇಕು. ಈ ಗೌರವಪದ ಇಲ್ಲಿ ಸಲ್ಲದು, ಈ ವಂದನೆ ಈ ಋತುವಿಗೆ ತಕ್ಕದ್ದಲ್ಲ ಎಂದು ಅವನು ಗೀಚಿ ಹಿಂದಿರುಗಿಸಿದಾಗ ಎಳೆಯರು ಕಿವಿ ಕೆಂಪಗೆ ಮಾಡಿಕೊಂಡು ಹೋಗುತ್ತಿದ್ದರು, ಅದು ಅವನಿಗೆ ಹಿತವಾಗಿಯೂ ಇತ್ತು. ಆದ್ದರಿಂದ ಲೆಕ್ಕದ ವಿಭಾಗದ ಇತಹಾರಾ ಎಂಬ ಹೆಂಗಸು ಚಹಾ ತಂದಿಟ್ಟು ಹೋಗದೆ ತಟ್ಟೆಯನ್ನು ಎದೆಗವಚಿಕೊಂಡು ನಿಂತಾಗ ಅವನು ಪತ್ರದಿಂದ ತಲೆ ಎತ್ತಲಿಲ್ಲ.

"ಸಾರ್, ತಪ್ಪು ತಿಳೀಬೇಡಿ. ಬೆಳಿಗ್ಗೆ ಅಂದ್ರಲ್ಲ, ಮನಸ್ಸಿಡಲಾಗದ ಜನ ಅಂತ."

"ಹೂಂ. ಏನೀಗ?"

"ಅದು ಹೊಗಳೋ ಮಾತಲ್ವಾ ಸಾರ್?"

ತೆಯಿಜಿ ಪೆನ್ನಿನ ಮುಚ್ಚಳ ಹಾಕಿದ. "ಯಾರು ಹೇಳಿದ್ದು?"

"ನಾನೂ ನಿಮ್ಮ ಹಾಗೇ ಅಂದ್ಕೊಂಡಿದ್ದೆ. ನಂಬಿ ಮನಸ್ಸಿಡೋಕಾಗಲ್ಲ, ಅಂಥವ್ರು, ಅಂತ. ನಮ್ಮತ್ತೆ ತಿದ್ದಿದ್ರು. ಅವ್ರ ಮುಂದೆ ನಾವು ಹುಷಾರಾಗಿರ್ಬೇಕು ಅಂತಿಲ್ಲ, ಮನಸ್ಸನ್ನ ಕಾವಲಿಗಿಡೋ ಪ್ರಮೇಯಾನೇ ಬರಲ್ಲ, ಅಷ್ಟು ಸಲೀಸಾದವ್ರು, ಅಂತ ಅರ್ಥವಂತೆ. ಅರ್ಧಕ್ಕರ್ಧ ಜನ ತಪ್ಪೇ ತಿಳ್ಕೊಂಡಿರ್ತಾರೆ ಬಿಡಿ ಸಾರ್. ಹುಡುಗ್ರಿಗೆ ಗೊತ್ತೇ ಆಗಿರಲ್ಲ."

ಆಕೆ ಸಮಾಧಾನಕ್ಕೆಂದು ಹೇಳಿದ ಕೊನೆಯ ಮಾತೇ ಹೆಚ್ಚು ಚುಚ್ಚಿತು. ತೆಯಿಜಿ "ನೋಡ್ತೀನಿ" ಎಂದ. ನೋಡಿದ್ದು ಮಾತ್ರ ಯಾರ ಕಣ್ಣಿಗೂ ಬೀಳದ ಹಾಗೆ, ಹೆಂಚಿನ ಮಾದರಿಗಳನ್ನು ಪೇರಿಸಿಟ್ಟ ಹಿಂದಿನ ಕೋಣೆಯಲ್ಲಿ, ನಿಘಂಟನ್ನು ಕೋಟಿನೊಳಗೆ ಬಚ್ಚಿಟ್ಟುಕೊಂಡು ಹೋಗಿ. ಮಂಜು ಬಿದ್ದರೂ ಸೀಳದ ಆ ಕೆಂಪು ಹೆಂಚುಗಳ ನಡುವೆ ನಿಂತು ಅವನು ಎರಡು ಸಾಲು ಓದಿದ. ಇತಹಾರಾ ಹೇಳಿದ್ದೇ ಇತ್ತು. ಕೆಳಗೆ, 'ಎಚ್ಚರದಿಂದಿರಬೇಕಾದ ವ್ಯಕ್ತಿ ಎಂಬರ್ಥದಲ್ಲಿ ಬಳಸುವುದು ತಪ್ಪು' ಎಂದು ತನಗೋಸ್ಕರವೇ ಎಂಬಂತೆ ಬೇರೆ ಸೇರಿಸಿದ್ದರು. ಕಂಪನಿಯಲ್ಲಿ ಆದ ಅವಮಾನವನ್ನು ನುಂಗಬಹುದಿತ್ತು, ಎರಡು ದಿನ ಹಿಂದಿನಿಂದ ನಗುತ್ತಾರೆ, ಮೂರನೆಯ ದಿನ ಇನ್ಯಾರದೋ ಸರದಿ. ಅವನು ನಿಘಂಟು ಮುಚ್ಚುವುದರೊಳಗೆ ಆ ಅವಮಾನ ಎಲ್ಲಿಗೋ ಹೋಗಿಬಿಟ್ಟಿತ್ತು. ಅದರ ಜಾಗದಲ್ಲಿ ಹೆಂಡತಿ ಕೆಲಸ ಮಾಡುವ ಅಂಗಡಿಯ ಮಾಲೀಕ ಕಾದೊವಾಕಿಯ ಮುಖ ಬಂದು ನಿಂತಿತ್ತು, ಮುಂದಿನ ಎರಡು ಹಲ್ಲುಗಳ ನಡುವೆ ಸಂದು ಬಿಟ್ಟ, ಸದಾ ಏನನ್ನೋ ಅಗಿಯುತ್ತಿರುವ ಮುಖ. ಹೊಟ್ಟೆಯೊಳಗೆ ಬಿಸಿ ಬಿಸಿಯಾಗಿ ಏನೋ ಮೇಲೇರಿತು. ಅದು ಹೊಟ್ಟೆಕಿಚ್ಚು ಎಂದು ಗುರುತಿಸುವುದಕ್ಕೆ ತೆಯಿಜಿಗೆ ನಿಘಂಟು ಬೇಕಾಗಲಿಲ್ಲ.

ಕಾದೊವಾಕಿಯದು ದೊಡ್ಡ ಸೇತುವೆಯ ಆಚೆ, ಹಳೆಯ ಕಿಮೋನೋಗಳನ್ನು ಹೊಸದು ಮಾಡಿಕೊಡುವ ಅಂಗಡಿ. ಹೊಲಿಗೆ ಬಿಚ್ಚಿ, ತುಂಡುತುಂಡಾಗಿ ತೊಳೆದು, ಗಂಜಿ ಹಚ್ಚಿ, ಹಲಗೆಗಳ ಮೇಲೆ ಬಿಗಿದು ಒಣಗಿಸಿ, ಮತ್ತೆ ಮೊದಲಿನಂತೆ ಹೊಲಿದು ಕೊಡುವುದು. ತೆಯಿಜಿಯ ಹೆಂಡತಿ ಫುಸಾಯೊ ಅಲ್ಲಿ ಬಿಚ್ಚುವ ಮತ್ತು ಹೊಲಿಯುವ ಕೆಲಸಕ್ಕೆ ಸೇರಿ ಎಷ್ಟೋ ವರ್ಷಗಳಾಗಿದ್ದವು, ಮಗಳು ಆಗಿನ್ನೂ ಶಾಲೆಗೆ ಹೋಗುತ್ತಿದ್ದಳು, ಈಗ ಹಿರೋಶಿಮಾದಲ್ಲಿ ಅವಳ ಮಗನೇ ಶಾಲೆಗೆ ಹೋಗುತ್ತಾನೆ. ಕೆಲಸಕ್ಕೆ ಸೇರಿದ ಮೊದಲ ದಿನದ ಸಂಜೆ ಫುಸಾಯೊ ಪರ್ಸಿಮನ್ ಹಣ್ಣಿನ ಸಿಪ್ಪೆ ತೆಗೆಯುತ್ತಿದ್ದಳು, ಉದ್ದಕ್ಕೆ, ತುಂಡಾಗದ ಹಾಗೆ. ಕಾದೊವಾಕಿಗೆ ಹೆಂಡತಿ ಸತ್ತು ಬಹಳ ಕಾಲವಾಗಿದೆ ಎಂಬುದು ತೆಯಿಜಿಗೆ ಆ ಮಧ್ಯಾಹ್ನವಷ್ಟೇ ಕ್ಷೌರದಂಗಡಿಯಲ್ಲಿ ತಿಳಿದಿತ್ತು. "ಹೇಗಿದಾನೆ ನಿಮ್ಮ ಮಾಲೀಕ?" ಎಂದು ಪತ್ರಿಕೆಯ ಹಿಂದಿನಿಂದ ಕೇಳಿದ್ದ. "ಮನಸ್ಸಿಡಲಾಗದ ಮನುಷ್ಯ ಕಣ್ರೀ" ಎಂದಿದ್ದಳು ಅವಳು. ತೆಯಿಜಿಗೆ ಎಷ್ಟು ನಿರಾಳವಾಯಿತೆಂದರೆ ಅವನು ಪತ್ರಿಕೆ ಕೆಳಗಿಟ್ಟು ಹಣ್ಣಿನ ಹೋಳಿಗೆ ಕೈಚಾಚಿದ. "ಹಾಗಿದ್ರೆ ಹುಷಾರಾಗಿರು" ಎಂದ. ಚಾಕು ನಿಂತಿತು. ಫುಸಾಯೊ ಅವನನ್ನು ನೋಡಿದಳು, ಏನೋ ಕೇಳುವವಳ ಹಾಗೆ, ಆಮೇಲೆ ಕೇಳದೆ ಕಣ್ಣು ಕೆಳಗೆ ಮಾಡಿ "ಆಗ್ಲಿ" ಎಂದಳು. ಆ ನೋಟ ಈಗ ಹೆಂಚುಗಳ ನಡುವೆ ನಿಂತವನಿಗೆ ಅರ್ಥವಾಯಿತು. ಗಂಡನ ಹತ್ತಿರ ಮಾಲೀಕನನ್ನು ಬಾಯ್ತುಂಬ ಹೊಗಳಿದ್ದಳು, ಗಂಡ ಎಚ್ಚರಿಕೆ ಕೊಟ್ಟಿದ್ದ. ಅವಳಿಗೆ ಕೇಳಿಸಿದ್ದು ಹೊಟ್ಟೆಕಿಚ್ಚಿನ ಗಂಡನೊಬ್ಬನ ಗದರಿಕೆ. ಆವತ್ತಿನಿಂದ ಅವಳು ಅಂಗಡಿಯ ಸುದ್ದಿಯನ್ನೇ ಮನೆಯಲ್ಲಿ ಎತ್ತಿರಲಿಲ್ಲ. ಎತ್ತುವಂಥದ್ದೇನೂ ಇಲ್ಲ, ಪಾಪ, ಅಂಥವನ ಹತ್ತಿರ ದಿನ ದೂಡುತ್ತಿದ್ದಾಳೆ ಎಂದು ತೆಯಿಜಿ ಅವಳ ಮೇಲೆ ಮರುಕವನ್ನೂ ಪಟ್ಟುಕೊಂಡಿದ್ದ. ಹೊಟ್ಟೆಕಿಚ್ಚು ಪಡಬೇಕಾದ ವರ್ಷಗಳಲ್ಲೆಲ್ಲ ಹಾಯಾಗಿ ಉಂಡು ಮಲಗಿದ್ದ. ಈಗ ಅಷ್ಟೂ ವರ್ಷಗಳದ್ದನ್ನು ಒಂದೇ ದಿನದಲ್ಲಿ ಪಡಬೇಕಾಗಿತ್ತು.

ಮಧ್ಯಾಹ್ನದ ಊಟದ ಡಬ್ಬಿ ತೆರೆದ. ಸಿಹಿ ಮೊಟ್ಟೆಯ ಸುರುಳಿ, ಹುರಿದ ಮೀನು, ಅನ್ನದ ನಡುವೆ ಉಪ್ಪಿನಲ್ಲಿ ನೆನೆಸಿದ ಹಣ್ಣು. ಎಲ್ಲ ಅಂದವಾಗಿ, ಒಂದಕ್ಕೊಂದು ತಾಗದ ಹಾಗೆ. ಇಷ್ಟು ವರ್ಷ ಇದನ್ನು ಅಕ್ಕರೆ ಎಂದುಕೊಂಡು ತಿಂದವನಿಗೆ ಇವತ್ತು ಇದರಲ್ಲಿ ಬರೀ ಜಾಗ್ರತೆ ಕಂಡಿತು, ಸಾಹೇಬರಿಗೆ ಕಾಣಿಕೆ ಕಟ್ಟಿಕೊಡುವವರ ಜಾಗ್ರತೆ. ಆ ಕಾದೊವಾಕಿ ಮಧ್ಯಾಹ್ನ ಏನು ತಿನ್ನುತ್ತಾನೆ, ಅವಳು ಅವನಿಗೆ ಏನನ್ನು ಹೇಗೆ ಬಡಿಸುತ್ತಾಳೆ ಎಂಬ ಯೋಚನೆಯಲ್ಲಿ ಮೊಟ್ಟೆಯ ಸುರುಳಿಯನ್ನು ಪಕ್ಕಕ್ಕೆ ಸರಿಸಿದ. ಆಗಲೇ ಕೇರಿಯ ಸಂಘದ ಸಭೆಯೂ ನೆನಪಾಗಿ ಅವನು ಊಟದ ಕಡ್ಡಿಗಳನ್ನು ಕೆಳಗಿಟ್ಟುಬಿಟ್ಟ. ಯಾವುದನ್ನು ನೆನಪಿಸಿಕೊಳ್ಳಬಾರದು ಅಂತ ಬೆಳಗಿನಿಂದ ಸುತ್ತಿ ಬಳಸಿ ಓಡಾಡುತ್ತಿದ್ದನೋ ಅದು.

ಹಿಂದೊಮ್ಮೆ ಸಂಘಕ್ಕೆ ಹೊಸ ಅಧ್ಯಕ್ಷ ಬೇಕಾಗಿದ್ದ. ಯಾರೋ ಅದೇ ಕೇರಿಯಲ್ಲಿ ಮನೆಯಿದ್ದ ಕಾದೊವಾಕಿಯ ಹೆಸರು ಹೇಳಿದರು. ಚಾಪೆಯ ಮೇಲೆ ಮಂಡಿಯೂರಿ ಕುಳಿತವರೆಲ್ಲ ಹೌದು ಅನ್ನದೆ ಅಲ್ಲ ಅನ್ನದೆ, ಯಾರಾದರೂ ಮೊದಲು ಬಾಯಿ ಬಿಡಲಿ ಎಂದು ಚಹಾ ಹೀರುತ್ತಿದ್ದರು. ತೆಯಿಜಿ ಗಂಟಲು ಸರಿಮಾಡಿಕೊಂಡ. ಇನ್ನೊಬ್ಬರ ಬಗ್ಗೆ ನಾಲ್ಕು ಜನರೆದುರು ಕೆಟ್ಟದ್ದಾಡುವುದು ಅವನ ಸ್ವಭಾವವಲ್ಲ, ಆದರೆ ಕೇರಿಯ ಹಿತ ನೋಡಬೇಕಲ್ಲ. "ನನ್ನ ಹೆಂಡತಿ ಇವರ ಅಂಗಡಿಯಲ್ಲೇ ದುಡಿಯುವುದು. ಅವಳೇ ಹೇಳುತ್ತಾಳೆ, ಇವರು ಮನಸ್ಸಿಡಲಾಗದ ಮನುಷ್ಯರು ಅಂತ. ನಾನು ಹೆಚ್ಚಿಗೆ ಏನೂ ಹೇಳುವುದಿಲ್ಲ" ಎಂದು ತೂಕವಾಗಿ ಹೇಳಿ ಕುಳಿತಿದ್ದ. ಹಿರಿಯರು ತಲೆದೂಗಿದರು. ಕಾದೊವಾಕಿ ಬೋಳುತಲೆ ಸವರಿಕೊಂಡು ನೆಲ ಮುಟ್ಟುವಂತೆ ಬಾಗಿದ. ಆಮೇಲೆ ಎಲ್ಲರೂ ಅವನನ್ನೇ ಆರಿಸಿದರು. ತೆಯಿಜಿಗೆ ಆವತ್ತು ಇಡೀ ಕೇರಿಯೇ ಕೆಟ್ಟುಹೋಗಿದೆ ಅನ್ನಿಸಿತ್ತು. ಮರುದಿನ ಕಾದೊವಾಕಿ ಒಳ್ಳೆಯ ಸಾಕೆ ಮದ್ಯದ ಬಾಟಲಿ ಬಟ್ಟೆಯಲ್ಲಿ ಕಟ್ಟಿಕೊಂಡು ಬಂದು, ನಿಮ್ಮ ಮಾತನ್ನು ಸಾಯುವ ತನಕ ಮರೆಯುವುದಿಲ್ಲ ಎಂದಾಗ, ಎಂಥ ಭಂಡ ಇವನು, ಮುಖಕ್ಕೆ ಹೊಡೆದ ಹಾಗೆ ಸೇಡು ತೀರಿಸಿಕೊಳ್ಳುತ್ತಿದ್ದಾನೆ ಎಂದುಕೊಂಡಿದ್ದ. ಸಾಕೆ ಮಾತ್ರ ಚೆನ್ನಾಗಿತ್ತು, ಫುಸಾಯೊ ಬೆಚ್ಚಗೆ ಮಾಡಿ ಬಗ್ಗಿಸಿಕೊಟ್ಟಿದ್ದಳು. ಆವತ್ತು ಅವಳ ಮುಖದಲ್ಲಿ ಒಂದು ಸಣ್ಣ ಸಂತೋಷವಿತ್ತು, ಗಂಡ ಕೊನೆಗೂ ಅನುಮಾನ ಬಿಟ್ಟ, ದೊಡ್ಡ ಮನಸ್ಸು ಮಾಡಿದ ಎಂಬ ಸಂತೋಷವಿರಬೇಕು. ಅದಕ್ಕೂ ತಾನು ಅರ್ಹನಾಗಿರಲಿಲ್ಲ ಎಂದು ತೆಯಿಜಿಗೆ ಈಗ ತಿಳಿಯಿತು.

ಹಲ್ಲುನೋವು ಎಂದು ಹೇಳಿ ಮೂರು ಗಂಟೆಗೇ ಹೊರಟ. ನಂಬಲಿ ಅಂತ ಕೆನ್ನೆಗೆ ಕೈಯೊತ್ತಿಕೊಂಡು ಹೊರಬಿದ್ದವನು ಆ ಕೈ ತೆಗೆಯುವುದನ್ನು ಮರೆತು ಸೇತುವೆಯವರೆಗೂ ಹಾಗೆಯೇ ನಡೆದ. ಕಪ್ಪೆಚಿಪ್ಪು ಹಿಡಿಯುವವರ ದೋಣಿಗಳು ಬೆಳಗಿನ ದುಡಿಮೆ ಮುಗಿಸಿ ದಡಕ್ಕೆ ಕಟ್ಟಿಸಿಕೊಂಡು ನಿಂತಿದ್ದವು. ಸರೋವರದ ಕಡೆಯಿಂದ ನವೆಂಬರಿನ ಗಾಳಿ ಕಾಲರಿನೊಳಗೆ ನುಗ್ಗುತ್ತಿತ್ತು. ಏನು ನೋಡುವುದಕ್ಕೆ ಹೊರಟಿದ್ದೇನೆ? ಇಬ್ಬರೂ ಒಂದೇ ಬಟ್ಟೆಯ ಎರಡು ತುದಿ ಹಿಡಿದು ಎದುರುಬದುರು ಕುಳಿತಿರುತ್ತಾರೆ. ಅವನು ಏನೋ ಹೇಳುತ್ತಾನೆ, ಅವಳು ಬಾಯಿಗೆ ಕೈ ಅಡ್ಡ ಹಿಡಿಯದೆ ನಗುತ್ತಾಳೆ. ಅಥವಾ ನಗುವುದಿಲ್ಲ, ಅದಕ್ಕಿಂತ ಕೆಟ್ಟದ್ದು. ತಾನು ಬಾಗಿಲು ಸರಿಸಿ ಒಳಗೆ ಹೋಗಬೇಕು, ಹೋಗಿ ಅನ್ನಬೇಕು, ಇಷ್ಟು ವರ್ಷ ನನ್ನ ಹೆಂಡತಿಯನ್ನು ನೋಡಿಕೊಂಡದ್ದಕ್ಕೆ ತುಂಬ ಉಪಕಾರವಾಯಿತು, ಎಂದು. ಈ ವಾಕ್ಯವನ್ನು ಅವನು ಮನಸ್ಸಿನಲ್ಲೇ ನಾಲ್ಕು ಬಗೆಯ ಗೌರವಪದಗಳಲ್ಲಿ ತಿರುಗಿಸಿ ನೋಡಿದ, ಯಾವುದರಲ್ಲಿ ಹೆಚ್ಚು ವಿಷವಿದೆ ಎಂದು. ಐವತ್ತಾರರ ವಯಸ್ಸಿನಲ್ಲಿ ಕೆನ್ನೆಗೆ ಕೈಯಿಟ್ಟುಕೊಂಡು ಹೆಂಡತಿಯ ಬೆನ್ನು ಹತ್ತಿದ್ದೇನೆ ಎಂದು ನಾಚಿಕೆಯಾಯಿತು, ಆದರೆ ಕಾಲು ನಿಲ್ಲಲಿಲ್ಲ.

ಅಂಗಡಿಯ ಪಕ್ಕದ ಓಣಿಯಲ್ಲಿ ಒದ್ದೆ ರೇಷ್ಮೆ ಬಿಗಿದ ಹಲಗೆಗಳನ್ನು ಗೋಡೆಗೆ ಒರಗಿಸಿಟ್ಟಿದ್ದರು. ಅವುಗಳ ಮರೆಯಲ್ಲಿ ನಿಂತರೆ ಮರದ ಜಾಲರಿಯ ಕಿಟಕಿ ಎದುರಿಗೇ ಸಿಗುತ್ತಿತ್ತು. ತೆಯಿಜಿ ಇನ್ನೂ ಬಗ್ಗಿ ನೋಡುವುದರೊಳಗೆ ಬೆನ್ನ ಹಿಂದೆ ಯಾರೋ ನಿಂತ ಹಾಗಾಯಿತು. ತೋಫು ಅಂಗಡಿಯ ಮುದುಕಿ, ಕೈಯಲ್ಲಿ ಖಾಲಿ ಬುಟ್ಟಿ.

"ಏನು ಸೊನೊಯಾಮಾ ಅವರು, ಯಜಮಾನ್ತೀನ ಕರ್ಕೊಂಡು ಹೋಗೋಕೆ ಬಂದ್ರಾ?" ಎಂದಳು.

"ಹೂಂ, ಹಾಗೇ ಈ ಕಡೆ ಬಂದಿದ್ದೆ."

"ಪುಣ್ಯವಂತೆ. ನಮ್ಮನೆಯವ್ರು ಸತ್ರೂ ಒಂದಿನ ಹಿಂಗೆ ಬಂದು ನಿಂತೋರಲ್ಲ. ಬಾಗಿಲು ಆ ಕಡೆ ಇದೆ, ಇಲ್ಲಿಂದ ದಾರಿಯಿಲ್ಲ."

"ಗೊತ್ತು" ಎಂದ ತೆಯಿಜಿ. ಮುದುಕಿ ಎರಡು ಸಲ ತಿರುಗಿ ನೋಡುತ್ತ ಹೋದಳು. ಸಂಜೆಯೊಳಗೆ ಕೇರಿಯಲ್ಲೆಲ್ಲ ಸುದ್ದಿಯಾಗುತ್ತದೆ. ಆಗಲಿ ಎಂದು ಅವನು ಜಾಲರಿಗೆ ಕಣ್ಣಿಟ್ಟ.

ಒಳಗೆ ಕಾದೊವಾಕಿ ಒಬ್ಬನೇ ಕೆಲಸ ಮಾಡುತ್ತಿದ್ದ. ಕನ್ನಡಕ ಮೂಗಿನ ತುದಿಗೆ ಇಳಿದಿತ್ತು, ತೊಡೆಯ ಮೇಲೆ ನೇರಳೆ ಬಣ್ಣದ ಕಿಮೋನೋದ ತೋಳು. ಸಣ್ಣ ಬ್ಲೇಡಿನಿಂದ ಹೊಲಿಗೆಯ ಒಂದೊಂದೇ ನೂಲನ್ನು ಎತ್ತಿ ತೆಗೆಯುತ್ತಿದ್ದ. ಮೂಲೆಯ ರೇಡಿಯೋದಲ್ಲಿ ಸುಮೊ ಕುಸ್ತಿಯ ವರದಿ. ಫುಸಾಯೊ ಎಲ್ಲಿ ಎಂದು ತೆಯಿಜಿಯ ಕಣ್ಣು ಹುಡುಕಿತು, ಒಳಕೋಣೆಯಲ್ಲಿರಬಹುದು, ಅಲ್ಲಿ ಏನು ಕೆಲಸ ಅವಳಿಗೆ ಎಂದುಕೊಳ್ಳುವುದರಲ್ಲಿ ಅವಳು ಕಂಡಳು, ಕಾದೊವಾಕಿಯ ಪಕ್ಕದಲ್ಲೇ, ಬಿಚ್ಚಿಟ್ಟ ಬಟ್ಟೆಗಳ ರಾಶಿಯ ಆಚೆ, ಚಾಪೆಯ ಮೇಲೆ. ನಿದ್ದೆ ಹೋಗಿದ್ದಳು. ಕಾಲು ಚಾಚಿಕೊಂಡು, ಒಂದು ಕಾಲುಚೀಲ ಅರ್ಧ ಕಳಚಿ ಹಿಮ್ಮಡಿ ಕಾಣಿಸುವ ಹಾಗೆ, ಬಾಯಿ ತೆರೆದುಕೊಂಡು. ಸಣ್ಣಗೆ ಗೊರಕೆಯೂ ಬರುತ್ತಿತ್ತು. ತೆಯಿಜಿ ಮೊದಲು ಯಾರೋ ಬೇರೆ ಹೆಂಗಸು ಅಂದುಕೊಂಡ. ಆ ಮುಖವನ್ನು ಅವನು ನೋಡಿರಲಿಲ್ಲ. ನಿಜಕ್ಕೂ ನೋಡಿರಲಿಲ್ಲ. ಮನೆಯಲ್ಲಿ ಅವನು ಮಲಗಿದ ಮೇಲೆ ಅವಳು ದೀಪ ಆರಿಸುತ್ತಿದ್ದಳು, ಅವನು ಎಚ್ಚರಾಗುವ ಹೊತ್ತಿಗೆ ಅವಳ ಹಾಸಿಗೆ ಮಡಿಸಿ ಒಳಗೆ ಹೋಗಿರುತ್ತಿತ್ತು, ಅವಳು ತಲೆ ಬಾಚಿಕೊಂಡು ಬಂದಿರುತ್ತಿದ್ದಳು. ಗಂಡನಿಗೆ ಮಲಗಿದ ಮುಖ ತೋರಿಸಬಾರದು ಅಂತ ತಾಯಿ ಹೇಳಿಕೊಟ್ಟಿದ್ದಳಂತೆ, ಮದುವೆಯಾದ ಹೊಸದರಲ್ಲಿ ಅವಳೇ ಹೇಳಿದ್ದು, ಅವನಿಗೆ ಆಗ ಹೆಮ್ಮೆಯೆನಿಸಿತ್ತು. ಜ್ವರ ಬಂದಾಗಲೂ ಗೋಡೆಯ ಕಡೆ ತಿರುಗಿಕೊಂಡು ಮುಖಕ್ಕೆ ಒದ್ದೆ ಬಟ್ಟೆ ಹಾಕಿಕೊಂಡಿದ್ದಳು. ಆ ಮುಖ ಇಲ್ಲಿ, ಪರಗಂಡಸಿನ ಮೊಣಕಾಲಿನ ಪಕ್ಕ, ಬಾಯ್ತೆರೆದು ಬಿದ್ದಿತ್ತು. ಅದು ಚೆಂದದ ಮುಖವೇನೂ ಆಗಿರಲಿಲ್ಲ, ವಯಸ್ಸಾಗಿತ್ತು, ಕೆನ್ನೆ ಜೋತಿತ್ತು. ಆದರೂ ಅದನ್ನು ತನಗೆ ಕೊಡದೆ ಇಷ್ಟು ವರ್ಷ ಇಲ್ಲಿ ತಂದು ಕೊಡುತ್ತಿದ್ದಳಲ್ಲ ಎಂದು ಅವನ ಹೊಟ್ಟೆ ಉರಿಯಿತು.

ರೇಡಿಯೋದಲ್ಲಿ ಯಾರೋ ಬಿದ್ದಿರಬೇಕು, ಜನ ಹೋ ಎಂದರು. ಕಾದೊವಾಕಿ ಥಟ್ಟನೆ ಕೈಚಾಚಿ ರೇಡಿಯೋದ ದನಿ ತಗ್ಗಿಸಿದ. ಫುಸಾಯೊ ಏಳಲಿಲ್ಲ ಎಂದು ಖಾತ್ರಿ ಮಾಡಿಕೊಳ್ಳುವುದಕ್ಕೂ ಅವನು ತಿರುಗಿ ನೋಡಲಿಲ್ಲ, ದಿನಾ ಮಾಡುವ ಕೆಲಸ ಅದು, ಕೈಗೆ ರೂಢಿಯಾಗಿತ್ತು. ಅಷ್ಟೇ ನಡೆದದ್ದು. ಅದಕ್ಕಿಂತ ಹೆಚ್ಚು ಏನಾದರೂ ನಡೆದಿದ್ದರೆ ಒಳ್ಳೆಯದಿತ್ತು, ಬಾಗಿಲು ಒದ್ದು ಒಳಗೆ ಹೋಗಬಹುದಿತ್ತು, ಕೂಗಾಡಬಹುದಿತ್ತು, ಕೇರಿಯವರೆಲ್ಲ ತನ್ನ ಪರವಾಗಿ ನಿಲ್ಲುತ್ತಿದ್ದರು. ನಿದ್ದೆ ಮಾಡಿದಳು ಅಂತ ಏನು ಕೂಗಾಡುವುದು?

ಕಾದೊವಾಕಿ ನೂಲನ್ನು ಬೆಳಕಿಗೆ ಹಿಡಿಯಲೆಂದು ತಲೆ ಎತ್ತಿದವನು ಜಾಲರಿಯ ಹಿಂದಿನ ಮುಖವನ್ನು ಕಂಡ. ಅವನು ಬೆಚ್ಚಲಿಲ್ಲ. ತುಟಿಯ ಮೇಲೆ ಬೆರಳಿಟ್ಟು ಸದ್ದು ಮಾಡಬೇಡಿ ಎಂದು ಸನ್ನೆ ಮಾಡಿದ, ತೊಡೆಯ ಬಟ್ಟೆ ಸರಿಸಿ, ಮೊಣಕಾಲ ಮೇಲೆ ಕೈಯೂರಿ ಎದ್ದು, ಹಿಂಬಾಗಿಲಿಂದ ಓಣಿಗೆ ಬಂದ.

"ಏನ್ ಸೊನೊಯಾಮಾ ಅವ್ರೇ, ಹಲ್ಲುನೋವಾ?" ಎಂದ ಮೆಲುದನಿಯಲ್ಲಿ.

ಕೈ ಮತ್ತೆ ಯಾವಾಗ ಕೆನ್ನೆಗೆ ಹೋಗಿತ್ತೋ. ತೆಯಿಜಿ ಅದನ್ನು ಕೆಳಗಿಳಿಸಿ ಜೇಬಿನಲ್ಲಿ ಹಾಕಿಕೊಂಡ. "ಇಲ್ಲ. ಹಾಗೇ ಬಂದೆ."

"ಒಂದೈದು ನಿಮಿಷ ಮಲಗಿರ್ಲಿ ಬಿಡಿ. ಪಾಪ, ರಾತ್ರಿ ನಿದ್ದೆ ಸಾಲಲ್ಲ ಅವ್ರಿಗೆ."

"ಅದು ನಿಮಗ್ಹೇಗೆ ಗೊತ್ತು?"

"ಅವ್ರೇ ಅಂತಿರ್ತಾರೆ. ಯಾಕೆ, ನಿಮ್ಗೆ ಹೇಳಿಲ್ವಾ?" ಎಂದವನು, ಹೇಳಬಾರದ್ದನ್ನು ಹೇಳಿದೆನೆಂದು ತಿಳಿದು ಬೋಳುತಲೆ ಸವರಿಕೊಂಡ. "ವಯಸ್ಸಾಯ್ತಲ್ವಾ, ಹೆಂಗಸ್ರು ಮಾತಾಡ್ತಾ ಇರ್ತಾರೆ. ನಾನೂ ಹೆಂಗಸಿನ ಲೆಕ್ಕವೇ ಈಗ."

ಸೇತುವೆಯ ಮೇಲೆ ಹೊಂದಿಸಿಕೊಂಡ ವಿಷದ ವಾಕ್ಯಕ್ಕೆ ಈಗ ಸರಿಯಾದ ಹೊತ್ತು ಬಂದಿತ್ತು. ತೆಯಿಜಿ ಬಾಯಿ ತೆರೆದ, ಬಂದದ್ದೇ ಬೇರೆ. "ಸಂಘದ ಸಭೇಲಿ ನಾನು ನಿಮ್ಮ ಬಗ್ಗೆ ಒಂದು ಮಾತು ಹೇಳಿದ್ದೆ."

"ಮರೀತೀನಾ? ನನ್ನ ಜನ್ಮದಲ್ಲಿ ಯಾರೂ ಅಷ್ಟು ದೊಡ್ಡ ಮಾತು ಹೇಳಿರ್ಲಿಲ್ಲ."

"ನಾನದನ್ನ ಬೈಗುಳ ಅಂದ್ಕೊಂಡು ಹೇಳಿದ್ದು. ನಂಬಬಾರದ ಮನುಷ್ಯ ಅಂತ. ಅರ್ಥ ಇವತ್ತು ಗೊತ್ತಾಯ್ತು."

ಕಾದೊವಾಕಿ ಅವನನ್ನೇ ದಿಟ್ಟಿಸಿದ. ಬೈಯುತ್ತಾನೆ, ಬೈಯಲಿ, ಆಗ ನಾನೂ ಬೈಯಬಹುದು ಎಂದು ತೆಯಿಜಿ ಕಾದ. ಕಾದೊವಾಕಿಯ ಭುಜಗಳು ಅಲುಗತೊಡಗಿದವು. ಅಂಗೈಯಿಂದ ಬಾಯಿ ಮುಚ್ಚಿಕೊಂಡು ಗೋಡೆಗೆ ಒರಗಿದ, ಕಣ್ಣಲ್ಲಿ ನೀರು ಬಂತು.

"ಬೈಗುಳಾನಾ? ಅಯ್ಯೋ ದೇವ್ರೇ. ಅಷ್ಟು ಒಳ್ಳೇ ಸಾಕೆ ತಂದ್ಕೊಟ್ನಲ್ರೀ ನಿಮ್ಗೆ."

"ಚೆನ್ನಾಗಿತ್ತು ಅದು" ಎಂದ ತೆಯಿಜಿ. ಎಂದವನಿಗೇ ನಗು ಉಕ್ಕಿ ಬಂತು, ಹಲ್ಲು ಕಚ್ಚಿ ತಡೆದ. ಈ ಮನುಷ್ಯನ ಎದುರು ನಿಂತು ಇಷ್ಟು ಹೊತ್ತಾಯಿತು, ಕಾಲರ್ ಸರಿಯಿದೆಯೇ ಎಂದು ಮುಟ್ಟಿ ನೋಡಿಕೊಂಡಿರಲಿಲ್ಲ, ಆಡುವ ಮಾತನ್ನು ಮೊದಲೇ ತೂಗಿ ನೋಡಿರಲಿಲ್ಲ. ಫುಸಾಯೊ ಹೇಳಿದ್ದು ಸರಿಯಾಗಿಯೇ ಇತ್ತು. ಇವನ ಮುಂದೆ ಮನಸ್ಸನ್ನು ಕಾವಲಿಗಿಡುವ ಪ್ರಮೇಯವೇ ಬರುವುದಿಲ್ಲ. ತನ್ನ ಮುಂದೆ ಯಾರಾದರೂ ಎಂದಾದರೂ ಹೀಗೆ ನಿಂತದ್ದುಂಟೇ ಎಂದು ಯೋಚಿಸಿದ, ಕೆಂಪು ಪೆನ್ನು ಹಿಡಿದ ತನ್ನ ಮೇಜಿನ ಮುಂದೆ ತಟ್ಟೆ ಅವಚಿಕೊಂಡು ನಿಂತವರೇ ನೆನಪಾದರು. ಹೊಟ್ಟೆಕಿಚ್ಚು ಈಗ ಹೆಂಡತಿಯ ವಿಷಯಕ್ಕಷ್ಟೇ ನಿಲ್ಲಲಿಲ್ಲ. ಈ ಸಂದುಹಲ್ಲಿನ ಮನುಷ್ಯನಿಗೆ ಸಲೀಸಾಗಿ ಒದಗಿಬಂದದ್ದು ತನಗೆ ಒಂದು ದಿನವೂ ಬರಲಿಲ್ಲವಲ್ಲ ಎಂಬ ಉರಿ ಅದು.

ಕಾದೊವಾಕಿಯ ನಗು ಅಂಗೈ ಮೀರಿ ಹೊರಬಿತ್ತು. ಒಳಗಿನಿಂದ ಒಂದು ಗೊಗ್ಗರು ಗಂಟಲು ಕೇಳಿಸಿತು.

"ಯಾರ್ರೀ ಅದು, ಮೀನಿನವ್ನಾ? ಬೇಡ ಅಂತ ಹೇಳಿ, ನಿನ್ನೇದೇ ಕೂತಿದೆ. ಆ ನಗು ಸ್ವಲ್ಪ ನಿಲ್ಸಿ ಮಾರಾಯ್ರೇ, ಸತ್ತೋರೂ ಎದ್ದು ಕೂರ್ತಾರೆ."

ದಪ್ಪಗಿನ, ಹುಕುಂ ಮಾಡುವ ದನಿ. ಮನೆಯಲ್ಲಿ ಫುಸಾಯೊಳ ದನಿ ತೆಳ್ಳಗೆ, ಮೇಲಿನ ಸ್ಥಾಯಿಯಲ್ಲಿರುತ್ತಿತ್ತು, ಟೆಲಿಫೋನು ಎತ್ತಿದಾಗ ಅಪರಿಚಿತರೊಡನೆ ಆಡುವ ಹಾಗೆ. ಅದೇ ಅವಳ ದನಿ ಅಂತ ಅವನು ತಿಳಿದಿದ್ದ. ಅವಳು ಕಣ್ಣುಜ್ಜಿಕೊಳ್ಳುತ್ತ, ಒಂದು ಕಾಲುಚೀಲ ಎಳೆದಾಡುತ್ತ ಹಿಂಬಾಗಿಲಿಗೆ ಬಂದಳು, ಇನ್ನೇನೋ ಬೈಯುವುದಕ್ಕೆ ಬಾಯಿ ತೆರೆದವಳು ಗಂಡನನ್ನು ಕಂಡಳು. ಕೈ ಕೂದಲಿಗೆ ಹೋಯಿತು, ಅಲ್ಲಿಂದ ಕೊರಳ ಅಂಚಿಗೆ, ಅಲ್ಲಿಂದ ಕಾಲಿಗೆ. ಹೊಸ್ತಿಲಲ್ಲೇ ಮಂಡಿಯೂರಿ ಕುಳಿತಳು. ಆ ಎರಡು ಗಳಿಗೆಯಲ್ಲಿ ಮಲಗಿದ್ದ ಹೆಂಗಸು ಎಲ್ಲಿ ಹೋದಳೋ, ದಿನಾ ಸಂಜೆ ಬಾಗಿಲಲ್ಲಿ ಅವನ ಬ್ಯಾಗು ಈಸಿಕೊಳ್ಳುವವಳು ಬಂದು ಕುಳಿತಿದ್ದಳು.

"ನೀವಾ? ಬಂದಿದ್ದು ಗೊತ್ತೇ ಆಗ್ಲಿಲ್ಲ. ಇಂಥ ಸ್ಥಿತೀಲಿ, ಕ್ಷಮಿಸ್ಬೇಕು. ಮನೇಲೇನಾದ್ರೂ ತೊಂದ್ರೆ ಆಯ್ತಾ?"

"ಇಲ್ಲ. ಕೆಲಸ ಬೇಗ ಮುಗೀತು."

ಕಾದೊವಾಕಿ ಒಳಗೆ ಬನ್ನಿ ಎಂದು ಒತ್ತಾಯ ಮಾಡಿದ. ತೆಯಿಜಿ ಬೂಟು ಬಿಚ್ಚಿ ಒಳಗೆ ಹೋಗಿ ಮಂಡಿಯೂರಿ ಕುಳಿತ. ಫುಸಾಯೊ ಚಹಾ ತಂದಳು. ಕಾದೊವಾಕಿಯ ಮುಂದೆ ಅಂಚು ಒಡೆದ ಕಂದು ಲೋಟ ಇಟ್ಟಳು, ಅದರ ಜೊತೆಯದೇ ಇನ್ನೊಂದನ್ನು ತನ್ನ ಕಡೆಗೆ ಇಟ್ಟುಕೊಂಡಳು. ತೆಯಿಜಿಯ ಮುಂದೆ, ಎರಡೂ ಕೈಯಿಂದ, ಮರದ ತಟ್ಟೆಯ ಮೇಲೆ ಮುಚ್ಚಳವಿದ್ದ ಬಿಳಿಯ ಲೋಟ ಇಟ್ಟು ಬಾಗಿದಳು. ಅತಿಥಿಗಳಿಗೆ ಕೊಡುವುದು. ಅತಿಥಿಯೇ ತಾನೇ, ಬೇರೆಯವರ ಅಂಗಡಿ, ತಪ್ಪೇನಿದೆ ಎಂದು ಅವನು ಮುಚ್ಚಳ ತೆಗೆದು ಪಕ್ಕಕ್ಕಿಟ್ಟ. ಚಹಾ ಮನೆಯಲ್ಲಿ ಕುಡಿಯುವಷ್ಟೇ ರುಚಿಯಾಗಿತ್ತು, ಅವನಿಗೆ ಹಿಡಿಸುವಷ್ಟೇ ಬಿಸಿ. ಮೂವರೂ ಚಳಿಯ ಬಗ್ಗೆ, ಏಡಿಗಳು ಬರತೊಡಗಿದವೆಂಬ ಬಗ್ಗೆ ಮಾತಾಡಿದರು. ಕಾದೊವಾಕಿ ಎರಡು ಸಲ ತಮಾಷೆ ಮಾಡಿದ. ಫುಸಾಯೊ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಕಾದೊವಾಕಿಗೂ ಅದು ಹೊಸದಿರಬೇಕು, ಅವನು ಮೂರನೆಯ ತಮಾಷೆಗೆ ಹೋಗಲಿಲ್ಲ.

"ಇವತ್ತು ಬೇಗ ಹೊರಡಿ ನೀವು. ಯಜಮಾನ್ರು ಕರ್ಯೋಕೆ ಬಂದಿದಾರೆ" ಎಂದ.

ಸೇತುವೆ ಹತ್ತುವ ಹೊತ್ತಿಗೆ ಸರೋವರದ ಆಚೆ ಹೊತ್ತು ಇಳಿದಿತ್ತು. ತೆಯಿಜಿ ಮುಂದೆ, ಫುಸಾಯೊ ಹಿಂದೆ. ಅವಳ ಚಪ್ಪಲಿಯ ಸದ್ದು ಒಂದೇ ಅಳತೆಯಲ್ಲಿ ಕೇಳಿಬರುತ್ತಿತ್ತು. ಹೇಳಬೇಕಾದ್ದನ್ನೆಲ್ಲ ಈಗ ಹೇಳಿಬಿಡಬೇಕು, ನಾನು ಆವತ್ತು ಗದರಿಸಿದ್ದಲ್ಲ, ಅನುಮಾನ ಪಟ್ಟದ್ದಲ್ಲ, ಒಂದು ಮಾತಿನ ಅರ್ಥ ಗೊತ್ತಿರಲಿಲ್ಲ ಅಷ್ಟೇ, ಎಂದು. ಹೇಳಿದರೆ ಅವಳು ಏನನ್ನುತ್ತಾಳೆ? ಹೌದಾ ಅನ್ನುತ್ತಾಳೆ. ತುಂಬ ನಯವಾಗಿ ಅನ್ನುತ್ತಾಳೆ. ಅರ್ಥ ಸರಿಯಾದರೆ ವರ್ಷಗಳು ಸರಿಯಾಗುವುದಿಲ್ಲ. ಅವನು ಬೇರೆಯದನ್ನೇ ಕೇಳಿದ.

"ದಿನಾ ಮಲಗ್ತೀಯಾ ಅಲ್ಲಿ?"

"ಮಧ್ಯಾಹ್ನ ಒಂಚೂರು. ನಾಚಿಕೆಗೇಡು. ಇನ್ಮೇಲೆ ಹಾಗಾಗಲ್ಲ."

"ಬೇಡ ಅನ್ಲಿಲ್ಲ ನಾನು. ನಿದ್ದೆ ಬಂದ್ರೆ ಮನೇಲೂ ಮಲಗ್ಬಹುದಲ್ಲ, ಭಾನುವಾರ ಮಧ್ಯಾಹ್ನ."

ಎದುರಿಗೆ ಬಂದ ಸೈಕಲ್ಲಿಗೆ ಇಬ್ಬರೂ ಕಂಬಿಯ ಕಡೆ ಸರಿದು ದಾರಿ ಬಿಟ್ಟರು. ಆಮೇಲೆ ಅವಳು ಹೇಳಿದಳು, ಎದುರುಮಾತು ಆಡುವವರ ಹಾಗಲ್ಲ, ಅಂಗಡಿಗೆ ಹೋಗಿ ಸೋಯಾ ಸಾಸ್ ತರಬೇಕು ಎಂದು ನೆನಪಿಸುವವರ ಹಾಗೆ:

"ಮನೇಲಿ ನೀವಿರ್ತೀರಲ್ಲ."

ತೆಯಿಜಿ ನಡೆಯುತ್ತಲೇ ಇದ್ದ. ಸ್ವಲ್ಪ ದೂರ ಹೋದ ಮೇಲೆ, ಅವಳು ಪಕ್ಕಕ್ಕೆ ಬರಲಿ ಎಂದು ಹೆಜ್ಜೆ ನಿಧಾನ ಮಾಡಿದ. ಬೆನ್ನ ಹಿಂದೆ ಚಪ್ಪಲಿಯ ಸದ್ದೂ ನಿಧಾನವಾಯಿತು. ಅವನು ಇನ್ನೂ ನಿಧಾನ ಮಾಡಿದ, ಅದೂ ಇನ್ನಷ್ಟು ನಿಧಾನವಾಯಿತು. ಕೊನೆಗೆ ಅವನು ಸೇತುವೆಯ ನಡುವೆ ನಿಂತೇಬಿಟ್ಟಾಗ, ಹಿಂದೆ ಅವಳೂ ನಿಂತಳು.